ಯಶವಂತಪುರದ ಮಡಕೆ

ಮ್ಯೂಸಿಯಮ್ಮಿನ ಗಾಜಿನೊಳಗೆ ಅವನಿಗೆ ಒಂದೇ ಮಗ್ಗುಲು,
ತಲೆಗೆ ಎಲೆಗಳ ಸುತ್ತು,
ನಮ್ಮ ಬೀದಿಯ ಬಡ್ಡಿ ಸಾಹುಕಾರನ ಮೂಗು.
ಕೆನ್ನೆಯ ಮೇಲೊಂದು ಉಳಿಯ ಗೀರು:
ಒಳಗೂ ಬೆಳ್ಳಿಯೇ ಏನು ಎಂದು
ಈ ಕಡೆಯ ಯಾವನೋ ಅಕ್ಕಸಾಲಿ
ರೋಮಿನ ದೊರೆಯನ್ನು ಕೊರೆದು ನೋಡಿರಬೇಕು.
ನನಗೆ ದೊರೆಗಿಂತ ಅವನೇ ಹಿಡಿಸಿದ.

ಚೀಟಿಯಲ್ಲಿ ಎರಡೇ ಸಾಲು.
ರೈಲುಹಳಿಗೆ ನೆಲ ಅಗೆಯುವಾಗ ಸಿಕ್ಕ ಮಡಕೆ. ಯಶವಂತಪುರ.
ಎಷ್ಟು ಆಳ, ಯಾವ ದಿಕ್ಕು, ಯಾರ ಗುದ್ದಲಿ,
ಬರೆದಿಲ್ಲ.

ಶನಿವಾರ ಹೋದೆ.
ಮೇಲೆ ಮೆಟ್ರೊ, ಕೆಳಗೆ ಗೂಡ್ಸು,
ನಡುವೆ ಪ್ಲಾಟ್‌ಫಾರ್ಮ್ ಟಿಕೆಟ್ಟು ಹಿಡಿದು
ನೆಲ ನೋಡುತ್ತ ನಡೆಯುವ ನಾನು.
ಹಳಿಗಳ ಸಂದಿಯಲ್ಲಿ ಜಲ್ಲಿ, ಗುಟ್ಕಾ ಚೀಟಿ,
ಮಗುವಿನದೊಂದು ಎಡಗಾಲಿನ ಚಪ್ಪಲಿ.
ಸಾವಿರ ವರ್ಷ ಕಳೆದು ಇದಕ್ಕೂ
ಗಾಜಿನ ಪೆಟ್ಟಿಗೆ ಕಟ್ಟುತ್ತಾರೋ ಏನೋ.

ಯಾರ್ಡಿನಲ್ಲಿ ಈರುಳ್ಳಿ ಆರಿಸುತ್ತಿದ್ದ ಗಂಗಹನುಮಕ್ಕ
ತಲೆಯೆತ್ತದೆ ಕೇಳಿದಳು:
"ಏನ್ ಕಳ್ಕಂಡ್ರಿ?"
ಮಡಕೆ, ಅಂದೆ. ದುಡ್ಡಿನ ಮಡಕೆ.
"ನಿಮ್ದಾ?"
ಅಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾರೋ ಹೂತಿಟ್ಟಿದ್ದು.
ಆಗ ತಲೆಯೆತ್ತಿದಳು.
ಕೊಳೆತದ್ದೊಂದನ್ನು ಪಕ್ಕಕ್ಕೆಸೆದು,
"ಹೂತೋರು ತಿರ್ಗಾ ಬರ್ಲಿಲ್ವಾ?"

ಈ ಪ್ರಶ್ನೆ ಚೀಟಿಯಲ್ಲಿ ಇರಲಿಲ್ಲ.

ಮೆಣಸು ಮಾರಿದವನೋ, ಬಟ್ಟೆ ಹೊತ್ತವನೋ,
ಸೊಸೆಗೆ ತಿಳಿಯದಂತೆ ಕೂಡಿಟ್ಟ ಅತ್ತೆಯೋ,
ಕತ್ತಲಲ್ಲಿ ಕೈಯಿಂದಲೇ ಮಣ್ಣು ತೋಡಿ
ಕಡಲಾಚೆಯ ಮುಖಗಳನ್ನು ಬೋರಲು ಮಲಗಿಸಿ
ಬಾಯಿಗೆ ಕಲ್ಲು ಮುಚ್ಚಿ
ಹೆಜ್ಜೆ ಎಣಿಸಿಕೊಂಡು ಹೋಗಿರಬೇಕು:
ಮರದಿಂದ ಇಷ್ಟು, ನೀರಿನಿಂದ ಇಷ್ಟು.

"ಗುರುತು ತೆಪ್ಪೋಗಿರ್ತದೆ ಬುಡಿ," ಅಂದಳು ಅಕ್ಕ,
"ಹೋದೊರ್ಸ ಇಲ್ಲೊಂದು ಹುಣ್ಸೆಮರ ಇತ್ತು.
ಅದರ್ ಬುಡಕ್ಕೆ ಬಾ ಅಂತ ನನ್ ತಂಗೀಗ್ ಹೇಳಿದ್ದೆ.
ಬಂದ್ಳು. ಮರ ಇರ್ಲಿಲ್ಲ.
ಇಡೀ ದಿನ ನಾವಿಬ್ರೂ
ಒಂದೇ ರೋಡಲ್ಲಿ ಒಬ್ರನ್ನೊಬ್ರು ಹುಡುಕಿದ್ವಿ."

ಟೀ ಕುಡಿದೆವು. ಫೋನು ತೋರಿಸಿದೆ.
ಅಂಗಡಿಯ ಪುಟ್ಟ ಡಬ್ಬಿ ಕೂಗಿ ಹೇಳಿತು
ಇಪ್ಪತ್ತು ರೂಪಾಯಿ ಬಂದಿದೆಯೆಂದು.
ಯಾರ ಮುಖವೂ ಇಲ್ಲದ, ಕೊರೆದು ನೋಡಲಾಗದ,
ಹೂಳಲೂ ಬಾರದ ಇಪ್ಪತ್ತು.

ಹೊರಡುವಾಗ, ಯಾಕೋ,
ಮೆಟ್ರೊ ಕಂಬದ ನಂಬರು ಓದಿಕೊಂಡೆ.
ಅಲ್ಲಿಂದ ಅವಳ ಗೋಣಿಯವರೆಗೆ
ಹೆಜ್ಜೆ ಎಣಿಸಿದೆ: ನಲವತ್ತೊಂದು.
ಯಾರಿಗೂ ಹೇಳಿಲ್ಲ.
ಏನನ್ನು ಅಲ್ಲಿ ಇಟ್ಟು ಬಂದೆನೆಂದು
ನನಗೂ ಸರಿಯಾಗಿ ಗೊತ್ತಿಲ್ಲ.