ಮರದ ಕತ್ತಿ

ಗಲಾತ್ಸ್ ಊರಿನ ಆಗಸ್ಟಿಗೆ ಒಂದೇ ವಾಸನೆ:
ಸುಟ್ಟ ಬದನೆಕಾಯಿ.
ಗಾಳಿ ಡ್ಯಾನ್ಯೂಬಿನ ಕಡೆಯಿಂದ ಬಂದರೂ ಅಷ್ಟೇ,
ಹಡಗುಕಟ್ಟೆಯ ಕಡೆಯಿಂದ ಬಂದರೂ ಅಷ್ಟೇ.
ನಮ್ಮ ಕಟ್ಟಡದ ನಲವತ್ತು ಮನೆಯ ಒಲೆಗಳ ಮೇಲೆ
ತಗಡು, ತಗಡಿನ ಮೇಲೆ
ಚರ್ಮ ಬಿರಿದು ಬುಸ್ಸೆನ್ನುವ ಕಪ್ಪು ಕಾಯಿ.
ಪರದೆಗೂ ಅದೇ ಹೊಗೆ, ದಿಂಬಿಗೂ ಅದೇ.

ದೇವಮಾತೆಯ ಹಬ್ಬಕ್ಕೆ ಮುಂಚೆ ಎರಡು ವಾರ ಉಪವಾಸ.
ಹಾಲಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯ ಸುದ್ದಿಯೇ ಇಲ್ಲ.
ಆದರೂ ಬ್ರೆಡ್ಡಿನ ಮೇಲೆ ಬೆಣ್ಣೆಯಂಥದೇ ಬೇಕು ನಾಲಗೆಗೆ.
ದೇವರಿಗೂ ಇದು ಗೊತ್ತಿತ್ತು ಅನ್ನುತ್ತಿದ್ದಳು ಅಮ್ಮ,
ಇಲ್ಲದಿದ್ದರೆ ಬದನೆಯನ್ನು ಆಗಸ್ಟಿನಲ್ಲೇ ಯಾಕೆ ಬೆಳೆಸುತ್ತಿದ್ದ?

ಅಮ್ಮ, ವೆಟೂರಿಯ. ಎರಡನೆಯ ಮಹಡಿ.
ಅವಳಕ್ಕ ಸ್ಮರಾಂಡ. ಐದನೆಯದು.
ನಡುವೆ ಐವತ್ತನಾಲ್ಕು ಮೆಟ್ಟಿಲು, ಕೆಟ್ಟ ಲಿಫ್ಟು,
ಆರು ವರ್ಷದ ಮೌನ.
ಅಜ್ಜಿಯ ಹೊಲಿಗೆ ಯಂತ್ರಕ್ಕೆ ಅಂತ ಕೆಲವರು,
ಮಣ್ಣು ಮಾಡಿದ ದಿನ ಆಡಿದ ಮಾತಿಗೆ ಅಂತ ಕೆಲವರು.
ಹಂಚಿಕೊಳ್ಳಲಾಗದೆ ಉಳಿದದ್ದು ಇದೊಂದೇ:
ಅಜ್ಜ ಪ್ಲಮ್ ಮರದಲ್ಲಿ ಕೆತ್ತಿದ ಕತ್ತಿ,
ಅಗಲ ಅಲಗು, ಗಿಡ್ಡ ಹಿಡಿ.

ಕಬ್ಬಿಣ ಸೋಕಿದರೆ ಬದನೆ ಕರ್ರಗಾಗುತ್ತದೆ,
ಮುನಿಸಿಕೊಂಡವರ ಮುಖದ ಹಾಗೆ.
ಮರ ಸೋಕಿದರೆ ಇಲ್ಲ.

ಹಾಗಾಗಿ ನಾನು, ಒಂಬತ್ತು ವರ್ಷದ ಟಪಾಲು.
ಬಿಳಿ ಬಟ್ಟೆಯಲ್ಲಿ ಕತ್ತಿ ಸುತ್ತಿಕೊಂಡು
ಸೋಮವಾರ ಮೇಲೆ, ಗುರುವಾರ ಕೆಳಗೆ.
ತೊಳೆದೇ ಬರಬೇಕು ಅದು, ಒಣಗಿಯೇ ಬರಬೇಕು,
ಸಾಲ ತೀರಿಸಿದ ಹಾಗೆ.

ಎರಡೂ ಅಡುಗೆಮನೆಯಲ್ಲಿ ಅದೇ ಕೈ:
ಬೆರಳನ್ನು ತಣ್ಣೀರಿಗದ್ದಿ, ಊದಿ, ಬೈದು,
ಸುಡುವ ಸಿಪ್ಪೆ ಸುಲಿಯುವುದು.
ಹಲಗೆಯನ್ನು ಸಿಂಕಿಗೆ ಓರೆಯಾಗಿಟ್ಟು
ಕಂದು ನೀರು ಇಳಿಯಲು ಬಿಡುವುದು.
ಕಹಿ ತಾನಾಗಿ ಹೋಗಬೇಕು, ಹಿಂಡಬಾರದು.
ಆಮೇಲೆ ಟಕಟಕ ಟಕಟಕ, ಮರದ ಮೇಲೆ ಮರ.
ಆಮೇಲೆ ಸೂರ್ಯಕಾಂತಿ ಎಣ್ಣೆ, ನೂಲಿನಷ್ಟು ಸಣ್ಣಗೆ,
ಒಂದೇ ದಿಕ್ಕಿಗೆ ತಿರುವುತ್ತ, ತಿರುವುತ್ತ,
ರಟ್ಟೆ ಸೋಲುವ ತನಕ.
ಬೂದಿಬಣ್ಣದ ನಾರು ನಾರು ಮುದ್ದೆ
ಯಾವಾಗಲೋ, ನೀವು ಕಣ್ಣು ಮಿಟುಕಿಸಿದಾಗಲೇ,
ಬೆಳ್ಳಗೆ ಉಬ್ಬಿ ಕೆನೆಯಾಗಿಬಿಡುತ್ತದೆ.
ಹಸುವಿಲ್ಲದ ಕೆನೆ.

ಅಮ್ಮ ಈರುಳ್ಳಿ ಹಾಕುವಳು. ದೊಡ್ಡಮ್ಮ ಬೆಳ್ಳುಳ್ಳಿ.
ಅಜ್ಜಿ ಏನು ಹಾಕುತ್ತಿದ್ದಳು ಅಂತ
ಇಬ್ಬರನ್ನೂ ಕೇಳಿದೆ. ಇಬ್ಬರೂ ತಮ್ಮದೇ ಅಂದರು.

ಆ ವರ್ಷದ ಗುರುವಾರ
ಬಟ್ಟೆ ಕೈಗೆ ಒದ್ದೆಯೆನಿಸಿತು.
ಮೂರನೆಯ ಮಹಡಿಯಲ್ಲಿ ನಿಂತು ಬಿಚ್ಚಿದೆ.
ಅಲಗಿನ ಉದ್ದಕ್ಕೂ ಕೆನೆ, ಬೆರಳಗಲ.
ಮರೆತಳೋ? ಮರೆಯುವವಳಲ್ಲ ದೊಡ್ಡಮ್ಮ,
ಹೊಲಿಗೆ ಯಂತ್ರವನ್ನು ಮರೆತಿರಲಿಲ್ಲವಲ್ಲ.
ತುದಿಯನ್ನು ಒಂಚೂರು ನೆಕ್ಕಿದೆ.
ಬೆಳ್ಳುಳ್ಳಿ ಇರಲಿಲ್ಲ.
ಈರುಳ್ಳಿಯೂ ಇರಲಿಲ್ಲ.

ಅಮ್ಮ ಬಿಚ್ಚಿ ನೋಡಿದಳು. ನಲ್ಲಿ ತಿರುಗಿಸಿದಳು.
ನೀರು ಸುರಿಯಿತು,
ಕತ್ತಿ ನೀರಿನ ಪಕ್ಕದಲ್ಲೇ ನಿಂತಿತು.
ನಲ್ಲಿ ನಿಲ್ಲಿಸಿದಳು.
ತೋರುಬೆರಳಲ್ಲಿ ಬುಡದಿಂದ ತುದಿಯವರೆಗೆ ಬಳಿದು
ಬಾಯಿಗಿಟ್ಟುಕೊಂಡು
ಕಿಟಕಿಯಾಚೆಯ ಕ್ರೇನುಗಳನ್ನು ಬಹಳ ಹೊತ್ತು ನೋಡಿದಳು.

"ಹೋಗಿ ಹೇಳು," ಅಂದಳು. "ಉಪ್ಪು ಸಾಲದು."

ದೊಡ್ಡಮ್ಮ ಬಾಗಿಲಲ್ಲೇ ಇದ್ದಳು.
ಕೇಳಿದಳು, ಹುಬ್ಬು ಗಂಟಿಕ್ಕಿದಳು.
"ಸಾಲದಂತೋ? ಅವ್ವನ ಉಪ್ಪಿನ ಡಬ್ಬಿ
ಇವತ್ತಿಗೂ ಅವಳ ಹತ್ತಿರವೇ ಇದೆ. ತಂದು ಹಾಕಲಿ."

ಇಳಿದೆ. ಹೇಳಿದೆ.
ಅಮ್ಮ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು,
ಕೊಟ್ಟು, ಹಿಂದೆಯೇ ಬಂದಳು.
ಮೂರರ ಮೇಲಿನ ತಿರುವಿನಲ್ಲಿ ಕಟಕಟೆ ಹಿಡಿದು ನಿಂತಳು.
"ನೀನು ಹೋಗ್ತಾ ಇರು," ಅಂದಳು,
"ನಾನೊಂದಿಷ್ಟು ಉಸಿರು ತಗೋತೀನಿ."