ಟ್ಯೂಬು

ಹತ್ತು ಎಂಎಲ್ ರಕ್ತ. ಮೇಲೆ ಚೀಟಿ, ನನ್ನ ಅಕ್ಷರ:
ಪಿಳ್ಳಪ್ಪ, ಅರವತ್ತೊಂದು, ಎಡ ಹಿಮ್ಮಡಿ.
ಯಂತ್ರದೊಳಗೆ ಅದರೆದುರಿಗೆ, ತೂಕಕ್ಕೆಂದು,
ನಲ್ಲಿನೀರು ತುಂಬಿದ ಇನ್ನೊಂದು ಟ್ಯೂಬು.

'ಅದ್ಯಾಕಮ್ಮ ನೀರು?'
'ಒಂದೇ ಕಡೆ ಭಾರ ಆದ್ರೆ ಅದುರತ್ತೆ.'
'ಓ, ಬೆಂಡಾದ ರಿಮ್ಮಿನ ಥರ.'

ಮಾವಳ್ಳಿಯ ತಿರುವಿನಲ್ಲಿ, ಟ್ರಾನ್ಸ್‌ಫಾರ್ಮರಿನ ಕೆಳಗೆ
ಮೂವತ್ತೆಂಟು ವರ್ಷ ಪಂಕ್ಚರ್ ಹಾಕಿದ ಕೈ.
ತುಳಿದದ್ದು ಗೊತ್ತೇ ಆಗಲಿಲ್ಲವಂತೆ,
ಕಾಲಿನ ತಂತಿಗಳನ್ನು ಸಕ್ಕರೆ ಮೊದಲೇ ಕಿತ್ತಿತ್ತು.
ಊರಿನ ಚಕ್ರಗಳ ಆಣಿಯೆಲ್ಲ ಕಿತ್ತವರ ಹಿಮ್ಮಡಿಯಲ್ಲಿ
ಎರಡು ದಿನ, ಒಂದು ಆಣಿ.
ಏಳು ತಿಂಗಳಿಂದ ಬಾಯಿ ಮುಚ್ಚದ ಹುಣ್ಣು.

ಹಸಿ ಕಾಣುವವರೆಗೆ ಡಾಕ್ಟರು ಅಂಚು ಕೆರೆದರು.
ಪಿಳ್ಳಪ್ಪ ಕತ್ತು ಚಾಚಿ ನೋಡುತ್ತಿದ್ದರು,
ಕಸುಬಿನವರು ಕಸುಬಿನವರನ್ನು ನೋಡುವ ಹಾಗೆ:
'ಉಪ್ಪುಕಾಗದ ಉಜ್ಜಲೇಬೇಕು ಸಾರ್,
ಇಲ್ದಿದ್ರೆ ಹಿಡಿಯಲ್ಲ.'

ಹನ್ನೆರಡು ನಿಮಿಷಕ್ಕೆ ಯಂತ್ರ ನಿಂತಿತು.
ತಳದಲ್ಲಿ ಕೆಂಪು, ಮೇಲೆ ತಿಳಿಹಳದಿ,
ನಡುವೆ ಎಳನೀರ ಗಂಜಿಯಂತೆ ಅಲುಗುವ ಒಂದು ಮುದ್ದೆ.
ಇಕ್ಕಳದಲ್ಲಿ ಎತ್ತಿ, ಕೆಂಪು ಕತ್ತರಿಸಿ, ಒತ್ತಿ,
ತೆಳು ಹಾಳೆ ಮಾಡಿ ಹುಣ್ಣಿಗೆ ಹಾಸಿದೆವು.
'ಇದು ನಂದೇನಾ?'
'ನಿಮ್ದೇ. ಹೊರಗಿಂದು ಏನೂ ಬೆರೆಸಿಲ್ಲ.'
ತುಸು ಹೊತ್ತು ಸುಮ್ಮನಿದ್ದರು.
'ಕಾಸಿಲ್ಲದ ಕಾಲದಾಗೆ ಪ್ಯಾಚು ಕೊಳ್ತಿರಲಿಲ್ಲ ಕಣಮ್ಮ.
ಹಳೇ ಟ್ಯೂಬಿಂದೇ ಒಂದು ತುಂಡು ಕತ್ತರಿಸಿ ಅಂಟಿಸ್ತಿದ್ದೆ.
ಅದೇ ಜಾಸ್ತಿ ಬಾಳಿಕೆ ಬರ್ತಿತ್ತು.'

ಮಂಗಳವಾರ ಮಂಗಳವಾರ
ಪಾರದರ್ಶಕ ಹಾಳೆಯಿಟ್ಟು ಹುಣ್ಣಿನ ಗಡಿ ಬರೆಯುತ್ತೇನೆ.
ಐದನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರೆ
ಈ ಊರಿನ ನಕ್ಷೆ, ಹಿಮ್ಮುಖವಾಗಿ:
ಹೊರವರ್ತುಲ ಒಳವರ್ತುಲಕ್ಕೆ ಸರಿದು,
ಒಳವರ್ತುಲ ಕೋಟೆಗೆ,
ಕೋಟೆ ಒಂದು ಪೇಟೆಬೀದಿಗೆ.
ಎಂಟಾಣೆಯಗಲ ಇನ್ನೂ ಉಳಿದಿದೆ.
ಅದು ಮುಚ್ಚುತ್ತದೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲ.
ಸಕ್ಕರೆ ಇಳಿದಿಲ್ಲ. ಬೀಡಿ ಬಿಟ್ಟೆ ಅನ್ನುತ್ತಾರೆ,
ಜೇಬು ಬೇರೆ ಹೇಳುತ್ತದೆ.

ಇವತ್ತು ಪಟ್ಟಿ ಕಟ್ಟುವ ಮುಂಚೆ ಕೇಳಿದರು,
'ಒಂದು ಬೋಗುಣಿ ನೀರು ತರ್ತೀಯೇನಮ್ಮ?'
'ಯಾಕೆ?'
'ಅದ್ದಿ ನೋಡಣ. ಗುಳ್ಳೆ ಏಳ್ದಿದ್ರೆ ಆಯ್ತು ಅಂತ.'
ನಾನು ನಕ್ಕೆ. ಅವರು ನಗಲಿಲ್ಲ.
ತೂಕಕ್ಕಿಟ್ಟಿದ್ದ ಟ್ಯೂಬು ಮೇಜಿನ ಮೇಲೆ ಹಾಗೇ ಇತ್ತು,
ಅದರ ನೀರನ್ನೇ ನೋಡುತ್ತಿದ್ದರು.