ಪರವಾಗಿ

ಹತ್ತೊಂಬತ್ತು ವರ್ಷ ನಾನು ಎದ್ದು ನಿಂತು ಹೇಳಿದ್ದು ಒಂದೇ ಸಾಲು:
"ರೋವೀನಾ ಹಾಸ್ಕಿನ್ಸ್, ಸಂಯುಕ್ತ ಸಂಸ್ಥಾನದ ಪರವಾಗಿ, ಮಹಾಸ್ವಾಮಿ."
ನೆಗಡಿಯಿದ್ದ ದಿನ
ಇಡೀ ದೇಶ ನನ್ನ ಮೂಗಿನಲ್ಲೇ ಮಾತಾಡುತ್ತಿತ್ತು.

ಶುಕ್ರವಾರ ಬ್ಯಾಡ್ಜು ಕೊಟ್ಟೆ.
ಕೌಂಟರಿನ ಹುಡುಗ ಅದರ ಮೂಲೆಗೊಂದು ತೂತು ಹೊಡೆದು
ಡ್ರಾಯರಿಗೆ ಹಾಕಿ, "ಪಾರ್ಕಿಂಗ್ ಸ್ಟಿಕ್ಕರ್?" ಎಂದ.
ಅಷ್ಟೇ.
ಕೇಕು ಮೂರನೇ ಮಹಡಿಯಲ್ಲಿತ್ತು, ನಾವೇ ಚಂದಾ ಎತ್ತಿದ್ದು;
ಸರ್ಕಾರ ಕೇಕಿಗೆ ಕಾಸು ಬಿಚ್ಚುವುದಿಲ್ಲ.
ಯಾಕೆ ಬಿಟ್ಟೆ ಅಂದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟೆ:
ಮೇಲಧಿಕಾರಿಗೆ ಅವಳಿ ಮಕ್ಕಳ ಕಾಲೇಜು ಫೀಸು,
ಅತ್ತೆಗೆ ಸೋರುವ ಸೂರು,
ಜೆರೋಮನಿಗೆ, ಹನ್ನೊಂದು ವರ್ಷ ಪಕ್ಕದ ಮೇಜಿನವನಿಗೆ,
ಏನೂ ಹೇಳಲಿಲ್ಲ.
ಅವನೂ ಕೇಳಲಿಲ್ಲ. ಸ್ಟೇಪ್ಲರ್ ವಾಪಸು ಕೊಟ್ಟ.
ಅದು ನನ್ನದೆಂಬುದು ನನಗೇ ಮರೆತಿತ್ತು.

ವಾಷಿಂಗ್ಟನ್ನಿನಲ್ಲಿ ಎಲ್ಲವೂ ಹತ್ತಿರ.
ನಾಲ್ಕು ಬೀದಿ, ಒಂದು ಸಿಗ್ನಲ್ಲು, ಕಂಕುಳಲ್ಲಿ ಪೆಟ್ಟಿಗೆ.
ಹೊಸ ಕಟ್ಟಡದ ಲಾಬಿಯಲ್ಲೊಂದು ನೀರಿನ ಗೋಡೆ,
ಇಳಿಯುತ್ತಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ.
ಬಾಗಿಲ ಮೇಲೆ ನನ್ನ ಹೆಸರು, ಕೆಳಗೆ 'ಕೌನ್ಸೆಲ್':
ಪಾಲುದಾರಳಲ್ಲ, ಕಿರಿಯಳೂ ಅಲ್ಲ,
ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಕೂರಿಸಿದ,
ಯಾರ ಕಡೆಯವಳೆಂದು ಬಡಿಸುವವರಿಗೂ ತಿಳಿಯದ
ನೆಂಟಳ ಹಾಗೆ.

ಇಲ್ಲಿ ಗಂಟೆಗೆ ಹತ್ತು ಹೋಳು. ಹೋಳಿಗೆ ಆರು ನಿಮಿಷ.
ಯೋಚಿಸಿದರೂ ಬರೆಯಬೇಕು, ಯಾರಿಗಾಗಿ ಎಂದು.
ಮೊದಲ ದಿನ ಕಿಟಕಿಯಾಚೆ ನೋಡಿದ ಎರಡು ಹೋಳು
ಯಾರ ಖಾತೆಗೂ ಬೀಳದೆ ಉಳಿದವು.
ಅಲ್ಲಾದರೆ ರಾತ್ರಿ ಹನ್ನೊಂದಕ್ಕೂ ದೀಪ ಉರಿಯುತ್ತಿತ್ತು,
ಯಾರೂ ಎಣಿಸುತ್ತಿರಲಿಲ್ಲ.
ಪ್ರಿಂಟರ್ ಮಾತ್ರ ಸದಾ ಕೆಟ್ಟಿರುತ್ತಿತ್ತು.

ಬೆನ್ನಿಗೇ ಬಂತು ನೀತಿ ವಿಭಾಗದ ಪತ್ರ:
ಅಲ್ಲಿ ಕೈಯಿಟ್ಟ ಮೊಕದ್ದಮೆಗಳಲ್ಲಿ ಇನ್ನು ಎದುರು ಕಡೆ
ಜೀವವಿರುವ ತನಕ ನಿಲ್ಲುವಂತಿಲ್ಲ.
ಉಂಡ ಮನೆಗೆ ಎರಡು ಬಗೆಯಬೇಡ ಅನ್ನುವುದನ್ನೇ
ನಾಲ್ಕು ಪುಟ, ಹನ್ನೆರಡು ಅಡಿಟಿಪ್ಪಣಿ ಮಾಡಿದ್ದರು.
ಪಟ್ಟಿಯಲ್ಲಿ ಒಂಬತ್ತನೆಯದು ಬಕ್ ಫೋರ್ಕ್ ಹೊಳೆ.

ಪೆಟ್ಟಿಗೆಯ ತಳದಲ್ಲಿದೆ, ಡೆಲ್ಮರ್ ಪ್ಯಾಕ್ ಕಳಿಸಿದ ಜಾಡಿ.
ಗಣಿಯ ನೀರು ಬಿದ್ದು ಆ ಹೊಳೆ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ
ಮೀನಿನ ಗಾಳ ಬದಿಗಿಟ್ಟು ಬಂದು ಸಾಕ್ಷಿ ಹೇಳಿದವನು.
ತೀರ್ಪಾದ ಮೂರನೇ ವರ್ಷ, ತಿಳಿಯಾದ ನೀರನ್ನು
ಉಪ್ಪಿನಕಾಯಿ ಜಾಡಿಗೆ ತುಂಬಿ ಅಂಚೆಗೆ ಹಾಕಿದ್ದ.
ನಾನು ಫಾರಂ ತುಂಬಿದೆ. ಉಡುಗೊರೆ: ನೀರು.
ಅಂದಾಜು ಬೆಲೆ: ಇಲ್ಲ.
ಇಟ್ಟುಕೊಳ್ಳಬಹುದು ಎಂದು ಉತ್ತರ ಬರಲು ಐದು ವಾರ ಹಿಡಿಯಿತು.

ನಿನ್ನೆ ಮೊದಲ ಕಕ್ಷಿದಾರ ಬಂದ. ಒಹಾಯೊದಲ್ಲಿ ಬಣ್ಣದ ಕಾರ್ಖಾನೆ.
ರಾಕ್ಷಸನೇನಲ್ಲ. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು.
ಅವನು ಮುಂದಿಟ್ಟ ನೋಟೀಸಿನ ಕೊನೆಯಲ್ಲಿ ಜೆರೋಮನ ಸಹಿ,
ಆ ಸೊಟ್ಟ ಬಾಲದ 'ಜೆ'.
"ಅವರು ನಮ್ಮನ್ನು ಏನು ಮಾಡುತ್ತಾರೆ?"
"ನಾವು ಮೊದಲು ನೀರಿನ ಮಾದರಿ ಕೇಳುತ್ತೇವೆ," ಅಂದುಬಿಟ್ಟೆ.
ಅವನು ಮುಖ ನೋಡಿದ.
"ಅವರು ಕೇಳುತ್ತಾರೆ," ಎಂದು ತಿದ್ದಿಕೊಂಡೆ. "ನಾವು ಕೊಡುತ್ತೇವೆ.
ಕೊಳವೆಯ ಬಾಯಿಂದ ತೆಗೆದದ್ದನ್ನೇ ಕೊಡುತ್ತೇವೆ, ಮೇಲಿನ ಹಳ್ಳದ್ದನ್ನಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದ.
ಎಷ್ಟು ಹೋಳು ಬರೆಯಲಿ ಆ ಸುಮ್ಮನಿದ್ದದ್ದಕ್ಕೆ?
ಪರ ಅಂದರೆ ಪಕ್ಷ. ಪರ ಅಂದರೆ ಬೇರೆಯವರು.
ಒಂದೇ ಎಂದು ಬರೆದೆ.

ಸಂಜೆ ಕಸ ತೆಗೆಯಲು ಬಂದ ಟ್ಸೆಹಾಯ್
ಮೇಜಿನ ಮೇಲಿನ ಜಾಡಿ ಎತ್ತಿ ಬೆಳಕಿಗೆ ಹಿಡಿದಳು.
"ಹಳೇ ನೀರು. ಚೆಲ್ಲಲಾ?"
ಬೇಡ ಎಂದೆ.
"ಯಾರದು?"
ಹೊಳೆಯದು ಎಂದೆ.
ಅವಳು ಅದನ್ನು ಇದ್ದಲ್ಲೇ ಇಟ್ಟು
ಸುತ್ತಲಷ್ಟೇ ಒರೆಸಿ ಹೋದಳು.